ಆರ್‌ಪಿ ಸರ್ವರ್‌ನ ರೂಲ್ಸ್: ನೆಮ್ಮದಿಯಾಗಿ ಸೋಲೋಕೆ

ರೋಲ್‌ಪ್ಲೇ (ಆರ್‌ಪಿ) ಸರ್ವರ್, ಅಂದರೆ ಪ್ರತಿಯೊಬ್ಬರೂ ಒಂದು ಪಾತ್ರವಾಗಿ ಆಡುತ್ತಾ ಕೂಡಿ ಕಥೆ ಕಟ್ಟುವ ಆನ್‌ಲೈನ್ ಆಟದ ಜಾಗ, ಶುರು ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ರೂಲ್ಸ್ ಲಿಸ್ಟ್. "ನಿಮ್ಮ ಸರ್ವರ್ ರೂಲ್ಸ್ ಕಳಿಸ್ತೀರಾ? ಸ್ವಲ್ಪ ಬದಲಾಯಿಸಿ ನಮ್ಮಲ್ಲೂ ಹಾಕಿಕೊಳ್ತೀವಿ." ನಾನು ಖುಷಿಯಿಂದಲೇ ಕಳಿಸುತ್ತೇನೆ. ಅದರಲ್ಲಿ ಗುಟ್ಟೇನೂ ಇಲ್ಲ. ಯಾವ ಆರ್‌ಪಿ ಸರ್ವರ್‌ಗೆ ಹೋದರೂ ಹೆಚ್ಚುಕಡಿಮೆ ಅವೇ ಹೆಸರುಗಳು: ಆರ್‌ಡಿಎಂ (ಕಾರಣವಿಲ್ಲದೆ ಕೊಲ್ಲುವುದು), ವಿಡಿಎಂ (ಗಾಡಿ ಹಾಯಿಸಿ ಕೊಲ್ಲುವುದು), ಮೆಟಾಗೇಮಿಂಗ್, ಪವರ್‌ಗೇಮಿಂಗ್, ಫಿಯರ್ ಆರ್‌ಪಿ, ನ್ಯೂ ಲೈಫ್ ರೂಲ್, ಕಾಂಬ್ಯಾಟ್ ಲಾಗಿಂಗ್ (ಹೊಡೆದಾಟದ ನಡುವೆ ಆಟ ಬಿಟ್ಟು ಓಡುವುದು). ಅದೇ ಲಿಸ್ಟ್ ಇಟ್ಟುಕೊಂಡ ಒಂದು ಸರ್ವರ್‌ನಲ್ಲಿ ಜನ ವರ್ಷಗಟ್ಟಲೆ ಉಳಿಯುತ್ತಾರೆ. ಇನ್ನೊಂದು ಕೆಲವೇ ವಾರಗಳಲ್ಲಿ ಖಾಲಿ ಹೊಡೆಯುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಸರ್ವರ್ ನೋಡಿಕೊಳ್ಳುವ ಸ್ಟಾಫ್ ಆಗಿ ಟಿಕೆಟ್‌ಗಳನ್ನು, ಅಂದರೆ ಆಟಗಾರರು ಕೊಡುವ ದೂರುಗಳನ್ನು ಓದುತ್ತಾ, ಜಗಳ ಬಿಡಿಸುತ್ತಾ, ಬ್ಯಾನ್ ಅಪೀಲ್‌ಗಳಿಗೆ ಉತ್ತರ ಬರೆಯುತ್ತಾ ನನಗೆ ಒಂದು ವಿಷಯ ಗಟ್ಟಿಯಾಗಿ ಅನ್ನಿಸಿದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಬೇರೆ ಆನ್‌ಲೈನ್ ಆಟಗಳಲ್ಲಿ ಎಲ್ಲರೂ ಗೆಲ್ಲೋಕೆ ಬರುತ್ತಾರೆ. ಆರ್‌ಪಿಯಲ್ಲಿ ಯಾರಾದರೊಬ್ಬರು ಸೋಲಬೇಕು, ಅದೂ ಮನಸ್ಸಾರೆ. ಅಂಗಡಿಯವನು ನಿಜವಾಗಿ ಹೆದರಿದ ಹಾಗೆ ಆಡಿದರೆ ಮಾತ್ರ ದರೋಡೆ ಸೀನ್‌ಗೆ ಜೀವ ಬರುತ್ತದೆ. ಕಳ್ಳನಿಗೆ ಸಿಕ್ಕಿಬೀಳುವುದಕ್ಕೆ ಮನಸ್ಸಿದ್ದರೆ ಮಾತ್ರ ಪೊಲೀಸ್ ಆಡುವವರಿಗೆ ಕೆಲಸ. ವಿಷ ಕುಡಿದ ರಾಜ ಸಾಯಬೇಕು, ಮೋಸ ಹೋದ ವ್ಯಾಪಾರಿ ಮೋಸ ಹೋಗಬೇಕು, ಗುಟ್ಟು ಗೊತ್ತಿದ್ದರೂ ಆಟಗಾರ ತನ್ನ ಪಾತ್ರಕ್ಕೆ ಅದು ಗೊತ್ತಿಲ್ಲದ ಹಾಗೆ ನಡೆದುಕೊಳ್ಳಬೇಕು. ಸೋಲುವವನು ಎದುರಿನವನಿಗೆ ಏನೋ ಕೊಡುತ್ತಿದ್ದಾನೆ. ಆದರೆ ಸುಮ್ನೆ ಯಾರೂ ಹಾಗೆ ಕೊಡುವುದಿಲ್ಲ. ತಾನು ಸೋತದ್ದು ಕಥೆಯಿಂದ, ಎದುರಿನವನ ಕಳ್ಳಾಟದಿಂದ ಅಲ್ಲ ಅಂತ ಅವನಿಗೆ ನಂಬಿಕೆ ಇರಬೇಕು. ನಾಳೆ ಎದುರಿನವನು ಸೋಲುವ ಸರದಿ ಬಂದಾಗ ಅವನೂ ಸೋಲುತ್ತಾನೆ ಅಂತ ಭರವಸೆ ಇರಬೇಕು. ಆ ನಂಬಿಕೆ ಹೋಯ್ತು ಅಂದರೆ ಎಲ್ಲರೂ ಗೆಲ್ಲೋಕೆ ಆಡಲು ಶುರು ಮಾಡುತ್ತಾರೆ. ಅಲ್ಲಿಗೆ ಅದು ಬರೀ ಶೂಟಿಂಗ್ ಗೇಮ್, ಅದೂ ಕೆಟ್ಟ ಶೂಟಿಂಗ್ ಗೇಮ್.

ಹಾಗಾಗಿ ಆರ್‌ಪಿ ಸರ್ವರ್‌ನ ಪ್ರತಿ ರೂಲ್‌ಗೂ ನಾನು ಕೇಳುವುದು ಒಂದೇ ಪ್ರಶ್ನೆ. ಇದರಿಂದ ಒಬ್ಬ ಆಟಗಾರನಿಗೆ ನೆಮ್ಮದಿಯಾಗಿ ಸೋಲೋಕೆ ಸಹಾಯ ಆಗುತ್ತದಾ?

ಪವರ್‌ಗೇಮಿಂಗ್‌ನಿಂದ, ಅಂದರೆ ಎದುರಿನವರ ಪಾತ್ರಕ್ಕೆ ಏನಾಯ್ತು ಅಂತ ತಾವೇ ತೀರ್ಮಾನಿಸಿಬಿಡುವುದರಿಂದ ಶುರು ಮಾಡೋಣ. ಬರಹದ ಮೂಲಕ ಆಡುವ ಸರ್ವರ್‌ಗಳಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಒಬ್ಬರು "ಕತ್ತಿ ಎತ್ತಿ ಅವನ ಭುಜದತ್ತ ಬೀಸುತ್ತಾನೆ" ಅಂತ ಟೈಪ್ ಮಾಡುತ್ತಾರೆ. ಇನ್ನೊಬ್ಬರು "ಕತ್ತಿ ಎತ್ತಿ ಬೀಸುತ್ತಾನೆ, ಅವನ ತೋಳು ಕತ್ತರಿಸಿ ಕೆಳಗೆ ಬೀಳುತ್ತದೆ, ಅವನು ಕಿರುಚುತ್ತಾ ಕುಸಿಯುತ್ತಾನೆ" ಅಂತ. ಮೊದಲನೆಯದರಲ್ಲಿ ಎದುರಿನವರಿಗೆ ಜಾಗ ಇದೆ. ಅವರು ತಪ್ಪಿಸಿಕೊಳ್ಳಬಹುದು, ಗುರಾಣಿ ಅಡ್ಡ ಹಿಡಿಯಬಹುದು, ಅಥವಾ ಏಟು ತಿಂದು ತಾವೇ ನೆಲಕ್ಕೆ ಬೀಳಬಹುದು. ಎರಡನೆಯದರಲ್ಲಿ ಅವರ ತೋಳು ಹೋಯ್ತು, ಅವರು ಕಿರುಚಿದ್ದೂ ಆಯ್ತು. ಅವರ ಪಾತ್ರವನ್ನು ಬೇರೆಯವರು ಕಿತ್ತುಕೊಂಡು ಆಡಿಸಿದ್ದಾರೆ. ನನ್ನ ಅನುಭವದಲ್ಲಿ ಮೊದಲ ಥರ ಬರೆಯುವವರ ಎದುರು ಜನ ಬೇಕಂತಲೇ ಏಟು ತಿನ್ನುತ್ತಾರೆ. ಎರಡನೇ ಥರದವರ ಎದುರು ಒಬ್ಬರೂ ತಿನ್ನುವುದಿಲ್ಲ, "ನನ್ನ ತೋಳಿಗೆ ಮಂತ್ರದ ಕವಚ ಇದೆ" ಅಂತ ಶುರುವಾಗುತ್ತದೆ. ಆಮೇಲೆ ಆ ಕವಚ ಒಡೆಯುವ ಮಂತ್ರ, ಅದನ್ನು ತಡೆಯುವ ಇನ್ನೊಂದು ಮಂತ್ರ. ಸೀನ್ ಅಲ್ಲಿಗೆ ಸತ್ತ ಹಾಗೆ.

ಇದು ಬರೀ ಕೆಟ್ಟ ಅಭ್ಯಾಸದ ವಿಷಯ ಅಂದುಕೊಳ್ಳುವವರು ಲ್ಯಾಂಬ್ಡಾಮೂ ಕಥೆ ತಿಳಿದುಕೊಳ್ಳಬೇಕು. 1990ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಪ್ಯಾವೆಲ್ ಕರ್ಟಿಸ್ ಶುರು ಮಾಡಿದ ಬರೀ ಅಕ್ಷರಗಳ ಲೋಕ ಅದು. ಚಿತ್ರ ಇಲ್ಲ, ಧ್ವನಿ ಇಲ್ಲ. ಅಲ್ಲಿ ಮಿಸ್ಟರ್ ಬಂಗಲ್ ಅನ್ನುವ ಪಾತ್ರದವನು ಒಂದು ವೂಡೂ ಗೊಂಬೆಯ ಪ್ರೋಗ್ರಾಂ ಬಳಸಿ ಬೇರೆಯವರ ಪಾತ್ರಗಳು ಲೈಂಗಿಕ ಹಿಂಸೆಯ ಕೃತ್ಯಗಳನ್ನು ತಾವೇ ಮಾಡುತ್ತಿರುವ ಹಾಗೆ ಎಲ್ಲರ ಮುಂದೆ ಬರೆಸಿದ. ಸ್ಕ್ರೀನ್ ಮೇಲೆ ಬಂದದ್ದು ಅಕ್ಷರ ಅಷ್ಟೇ, ನೋವು ಮಾತ್ರ ನಿಜವಾಗಿತ್ತು. ಜೂಲಿಯನ್ ಡಿಬ್ಬೆಲ್ 1993ರಲ್ಲಿ ಇದರ ಬಗ್ಗೆ ಬರೆದ ಲೇಖನವನ್ನು ಇವತ್ತಿಗೂ ಜನ ಓದುತ್ತಾರೆ. ಪವರ್‌ಗೇಮಿಂಗ್ ರೂಲ್‌ನ ಬೇರು ಅಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ನಿನ್ನ ಪಾತ್ರ ಏನು ಮಾಡಿತು ಅಂತ ಹೇಳುವ ಹಕ್ಕು ನಿನ್ನದು, ನನ್ನ ಪಾತ್ರ ಏನು ಮಾಡಿತು ಅಂತ ಹೇಳುವ ಹಕ್ಕು ನನ್ನದು. ಇಷ್ಟು ಮಾತು ಗಟ್ಟಿಯಾಗಿದ್ದರೆ ಮಿಕ್ಕ ರೂಲ್ಸ್ ತಾವಾಗಿಯೇ ಅರ್ಥವಾಗುತ್ತವೆ.

ಆ ಘಟನೆಗೆ ಇನ್ನೊಂದು ಮುಖವೂ ಇದೆ. ಅದಕ್ಕೂ ಸ್ವಲ್ಪ ಮುಂಚೆ ಅಲ್ಲಿನ ಅಡ್ಮಿನ್‌ಗಳು, ಅವರನ್ನು ವಿಝರ್ಡ್ ಅಂತ ಕರೆಯುತ್ತಿದ್ದರು, "ಇನ್ನು ಮೇಲೆ ನಾವು ತಾಂತ್ರಿಕ ಕೆಲಸ ಮಾತ್ರ ನೋಡಿಕೊಳ್ಳುತ್ತೇವೆ, ಜನರ ಜಗಳಕ್ಕೆ ಬರುವುದಿಲ್ಲ" ಅಂತ ಹಿಂದೆ ಸರಿದಿದ್ದರು. ಘಟನೆ ಆದ ಮೇಲೆ ಆಟಗಾರರು ಸಭೆ ಸೇರಿ ಗಂಟೆಗಟ್ಟಲೆ ಚರ್ಚೆ ಮಾಡಿದರು, ತೀರ್ಮಾನ ಬರಲಿಲ್ಲ. ಕೊನೆಗೆ ಒಬ್ಬ ವಿಝರ್ಡ್ ತಾನೇ ನಿರ್ಧಾರ ಮಾಡಿ ಆ ಅಕೌಂಟ್ ತೆಗೆದುಹಾಕಿದ. ಆಮೇಲೆ ಅರ್ಜಿ, ಮತದಾನ ಅಂತೆಲ್ಲ ವ್ಯವಸ್ಥೆ ಬಂತು. 1996ರಲ್ಲಿ ವಿಝರ್ಡ್‌ಗಳು ಮತ್ತೆ ಇಂಥ ವಿಷಯಗಳ ತೀರ್ಮಾನ ತಮ್ಮ ಕೈಗೇ ತೆಗೆದುಕೊಂಡರು. ಸರ್ವರ್‌ನ ಕೀಲಿಕೈ ಯಾರ ಹತ್ತಿರ ಇದೆಯೋ ಅವರು "ನಮಗೆ ಸಂಬಂಧ ಇಲ್ಲ" ಅಂತ ಕೂರೋಕೆ ಆಗುವುದಿಲ್ಲ. ಸುಮ್ಮನಿರುವುದೂ ಒಂದು ತೀರ್ಪೇ. ಯಾರು ಜೋರಾಗಿ ಕೂಗುತ್ತಾರೋ ಅವರ ಪರವಾದ ತೀರ್ಪು.

ಈಗ ಮೆಟಾಗೇಮಿಂಗ್. ಆಟದ ಹೊರಗೆ ಗೊತ್ತಾದದ್ದನ್ನು ಪಾತ್ರದ ಕೈಗೆ ಕೊಡುವುದು. ಆಟವನ್ನು ಲೈವ್ ಆಗಿ ತೋರಿಸುವ ಸ್ಟ್ರೀಮ್ ನೋಡಿ ಎದುರಾಳಿ ಎಲ್ಲಿದ್ದಾನೆ ಅಂತ ತಿಳಿದುಕೊಳ್ಳುವುದು, ಡಿಸ್ಕಾರ್ಡ್ ಚಾಟ್ ಆ್ಯಪ್‌ನಲ್ಲಿ ಗೆಳೆಯನಿಗೆ "ಬೇಗ ಬಾ, ನನ್ನ ಹಿಡಿದಿದ್ದಾರೆ" ಅನ್ನುವುದು, ತಲೆ ಮೇಲೆ ಕಾಣುವ ಹೆಸರು ಓದಿ ಅಪರಿಚಿತನನ್ನು ಹೆಸರು ಹಿಡಿದು ಕರೆಯುವುದು. ಹೇಳೋಕೆ ಸುಲಭ, ಸಾಬೀತು ಮಾಡೋಕೆ ಬಹಳ ಕಷ್ಟ. ಸೋತವರ ಮನಸ್ಸಿಗೆ ಮೊದಲು ಬರುವ ಅನುಮಾನವೂ ಇದೇ.

ಒಂದು ಟಿಕೆಟ್ ಬಗ್ಗೆ ಹೇಳುತ್ತೇನೆ. ಒಂದು ಗ್ಯಾಂಗ್‌ನವರು ಹಳೇ ಗೋದಾಮಿನಲ್ಲಿ ಸರಕು ಕೈ ಬದಲಾಯಿಸುವ ಪ್ಲ್ಯಾನ್ ಹಾಕಿದ್ದರು. ಜಾಗ ಗ್ಯಾಂಗ್‌ನವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವರು ಹೋಗಿ ನಿಂತ ಸ್ವಲ್ಪ ಹೊತ್ತಿಗೇ ಪೊಲೀಸರು ನಾಲ್ಕೂ ಕಡೆಯಿಂದ ಸುತ್ತುವರಿದರು. ಸರಕು ಹೋಯ್ತು, ದುಡ್ಡು ಹೋಯ್ತು, ಇಬ್ಬರು ಜೈಲಿಗೆ ಹೋದರು. ಗ್ಯಾಂಗ್ ಲೀಡರ್ ಆಡುತ್ತಿದ್ದವರು ಕ್ಲಿಪ್ ಸಮೇತ ಟಿಕೆಟ್ ಹಾಕಿದರು. ತಮ್ಮಲ್ಲೊಬ್ಬರು ಆಗ ಸ್ಟ್ರೀಮ್ ಮಾಡುತ್ತಿದ್ದರು, ಪೊಲೀಸರು ಅದನ್ನು ನೋಡಿಯೇ ಬಂದಿದ್ದಾರೆ, ಬೇರೆ ದಾರಿಯೇ ಇಲ್ಲ ಅಂತ ಅವರ ವಾದ. ಓದಿದರೆ ಯಾರಿಗಾದರೂ ಹೌದು ಅನ್ನಿಸುವ ಹಾಗಿತ್ತು.

ಇಂಥ ಟಿಕೆಟ್‌ನಲ್ಲಿ ನಾವು ಕೇಳುವ ಮೊದಲ ಪ್ರಶ್ನೆ "ನೀವು ಸ್ಟ್ರೀಮ್ ನೋಡಿದ್ರಾ?" ಅಲ್ಲ. ಹಾಗೆ ಕೇಳಿದರೆ ಇಲ್ಲ ಅಂತ ಉತ್ತರ ಬರುತ್ತದೆ, ಜೊತೆಗೆ ಒಬ್ಬ ಒಳ್ಳೇ ಆಟಗಾರನಿಗೆ ಬೇಜಾರಾಗುತ್ತದೆ. ಕೇಳುವುದು ಇಷ್ಟು: "ಈ ಜಾಗ ನಿಮ್ಮ ಪಾತ್ರಕ್ಕೆ ಹೇಗೆ ಗೊತ್ತಾಯ್ತು?" ಪೊಲೀಸ್ ಆಡುವವರು ತಕ್ಷಣ ಹೇಳಿದರು, ಗಾಡಿ ಎಳೆಯುವ ಲಾರಿಯವನೊಬ್ಬ ಪೆಟ್ರೋಲ್ ಬಂಕ್‌ನಲ್ಲಿ ಸಿಕ್ಕಾಗ ಹೇಳಿದ ಅಂತ. ಆ ಮಾತುಕತೆಯ ರೆಕಾರ್ಡಿಂಗ್ ಕೂಡ ಕೊಟ್ಟರು. ಇಬ್ಬರೂ ಆ ಹೊತ್ತಿಗೆ ಅಲ್ಲೇ ಇದ್ದರು ಅಂತ ಸರ್ವರ್ ಲಾಗ್ ಹೇಳಿತು. ಸರಿ, ಲಾರಿಯವನಿಗೆ ಹೇಗೆ ಗೊತ್ತಾಯ್ತು? ಅದೇ ದಿನ ಗ್ಯಾಂಗ್‌ನ ಒಬ್ಬ ಹುಡುಗ ಕೆಟ್ಟು ನಿಂತ ಗಾಡಿ ಎಳೆಸೋಕೆ ಅವನನ್ನು ಕರೆದಿದ್ದ, ದಾರಿಯಲ್ಲಿ ಬಡಾಯಿ ಕೊಚ್ಚಿಕೊಳ್ಳುತ್ತಾ ಗೋದಾಮಿನ ವಿಷಯ ಬಾಯಿಬಿಟ್ಟಿದ್ದ. ಅದಕ್ಕೂ ಕ್ಲಿಪ್ ಸಿಕ್ಕಿತು. ಮೆಟಾ ಅಂತ ಕಂಡದ್ದು ನಿಜಕ್ಕೂ ಸೊಗಸಾದ ಆರ್‌ಪಿ. ಮೂರು ಜನ ತಮಗೇ ಗೊತ್ತಿಲ್ಲದ ಹಾಗೆ ಒಂದು ಕಥೆ ಹೆಣೆದಿದ್ದರು.

ಈಗ ಅಸಲಿ ತೊಂದರೆ ನೋಡಿ. ಇದನ್ನು ದೂರು ಕೊಟ್ಟವರಿಗೆ ಹೇಳುವುದು ಹೇಗೆ? ಪೂರ್ತಿ ವಿವರ ಹೇಳಿದರೆ ಗ್ಯಾಂಗ್ ಲೀಡರ್‌ಗೆ ತನ್ನ ಹುಡುಗ ಬಾಯಿಬಿಟ್ಟದ್ದು, ಲಾರಿಯವನು ಪೊಲೀಸರಿಗೆ ಸುದ್ದಿ ಕೊಡುವುದು ಎರಡೂ ಗೊತ್ತಾಗಿಬಿಡುತ್ತದೆ. ಅವರು ಎಷ್ಟೇ ಪ್ರಾಮಾಣಿಕರಾದರೂ ಒಮ್ಮೆ ಗೊತ್ತಾದದ್ದನ್ನು ಮರೆಯೋಕೆ ಆಗಲ್ಲ ಅಲ್ವಾ. ಸ್ಟಾಫ್ ಕೈಯಿಂದಲೇ ಮೆಟಾ ಆದ ಹಾಗೆ. ಹೇಳದಿದ್ದರೆ "ಪೊಲೀಸರನ್ನು ಕಾಪಾಡುತ್ತಿದ್ದೀರಿ" ಅನ್ನುತ್ತಾರೆ. ನಾವು ಬರೆದ ಉತ್ತರ ಹೀಗಿತ್ತು: "ಕ್ಲಿಪ್‌ಗಳನ್ನೂ ಲಾಗ್‌ಗಳನ್ನೂ ನೋಡಿದ್ದೇವೆ. ಪೊಲೀಸರಿಗೆ ಈ ವಿಷಯ ಆಟದೊಳಗೇ ಗೊತ್ತಾಗಿದೆ. ಹೇಗೆ ಅನ್ನುವುದನ್ನು ನಾವು ಹೇಳಿದರೆ ಬೇರೆಯವರ ಕಥೆ ಹಾಳಾಗುತ್ತದೆ. ನಿಮ್ಮ ಪಾತ್ರಕ್ಕೆ ಅನುಮಾನ ಇದ್ದರೆ ಆಟದೊಳಗೇ ಹುಡುಕಲಿ."

ಅವರು ಒಪ್ಪಿದರು. ಸಂತೋಷದಿಂದೇನಲ್ಲ, ಆದರೂ ಒಪ್ಪಿದರು. ಯಾಕೆ ಒಪ್ಪಿದರು ಅನ್ನುವುದು ನನಗೆ ಈ ಇಡೀ ಬರಹದಲ್ಲಿ ಮುಖ್ಯವಾದ ವಿಷಯ. ಆ ಉತ್ತರದಲ್ಲಿ ಅವರು ಪರೀಕ್ಷೆ ಮಾಡಿ ನೋಡುವಂಥದ್ದು ಏನೂ ಇರಲಿಲ್ಲ. ಬರೀ ನಮ್ಮ ಮಾತು. ಆದರೆ ಟಿಕೆಟ್ ನೋಡಿದ ಸ್ಟಾಫ್ ಆ ಗ್ಯಾಂಗ್‌ಗೂ ಸೇರಿರಲಿಲ್ಲ, ಪೊಲೀಸ್ ಕಡೆಗೂ ಸೇರಿರಲಿಲ್ಲ. ಅದೇ ಸ್ಟಾಫ್ ಹಿಂದೊಮ್ಮೆ ಸ್ಟ್ರೀಮ್ ನೋಡಿ ಬಂದ ಪೊಲೀಸ್ ಆಟಗಾರನನ್ನು ಸಸ್ಪೆಂಡ್ ಮಾಡಿದ್ದು ಸರ್ವರ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ನಂಬಿಕೆ ಅಲ್ಲಿಂದ ಬಂತು. ರೂಲ್ಸ್ ಪುಟದಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಅಲ್ಲಿಂದ ಬರುತ್ತಿರಲಿಲ್ಲ.

ಅದಕ್ಕೇ ನಾನು ಸ್ಟಾಫ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ. ಸರ್ವರ್‌ನಲ್ಲಿ ಯಾರಿಗೆ ಮೆಟಾಗೇಮಿಂಗ್ ಮಾಡುವ ಅವಕಾಶ ಎಲ್ಲರಿಗಿಂತ ಜಾಸ್ತಿ? ಸ್ಟಾಫ್‌ಗೇ. ಅವರು ಯಾರ ಮೇಲೆ ಬೇಕಾದರೂ ಕಣ್ಣಿಡಬಹುದು, ಯಾವ ಮೂಲೆಗೆ ಬೇಕಾದರೂ ಹಾರಬಹುದು, ಯಾರ ಜೇಬಿನಲ್ಲಿ ಏನಿದೆ ಅಂತ ನೋಡಬಹುದು. ಅದೇ ಸ್ಟಾಫ್ ಸಂಜೆ ಒಂದು ಗ್ಯಾಂಗ್‌ನಲ್ಲಿ ಪಾತ್ರವಾಗಿಯೂ ಆಡುತ್ತಾರೆ. ಕೆಟ್ಟವರಾಗಬೇಕಂತಿಲ್ಲ. ಗೆಳೆಯರ ಮೇಲಿನ ಪ್ರೀತಿಯೇ ಸಾಕು, ತೀರ್ಪು ಒಂದು ಕಡೆ ವಾಲೋಕೆ.

ದೊಡ್ಡ ಕಂಪನಿಗಳಲ್ಲೂ ಇದು ಆಗಿದೆ. ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶದ ಆಟದಲ್ಲಿ ಆಟಗಾರರೇ ಕಟ್ಟಿಕೊಂಡ ಒಕ್ಕೂಟಗಳು ವರ್ಷಗಟ್ಟಲೆ ಯುದ್ಧ ಮಾಡುತ್ತವೆ. ಅಲ್ಲಿ ಒಂದು ಹಡಗು ಕಳೆದುಕೊಂಡರೆ ನಿಜವಾಗಿಯೂ ಕಳೆದುಕೊಂಡ ಹಾಗೆ. ಆಟ ತಯಾರಿಸುವ ಸಿಸಿಪಿ ಕಂಪನಿಯ ಡೆವಲಪರ್ ಒಬ್ಬರು ತಾವು ಆಡುತ್ತಿದ್ದ ಕಡೆಗೆ ಅನುಕೂಲ ಆಗುವ ಹಾಗೆ ಬೆಲೆಬಾಳುವ ಬ್ಲೂಪ್ರಿಂಟ್‌ಗಳನ್ನು ಅಕ್ರಮವಾಗಿ ಮಾಡಿಕೊಂಡಿದ್ದರು ಅನ್ನುವುದು 2007ರಲ್ಲಿ ಹೊರಗೆ ಬಂತು. ಆಟಗಾರರು ಕೆರಳಿದರು. ಸೋತವರಿಗೆಲ್ಲ ಒಮ್ಮೆಲೇ "ನಾವು ಸೋತದ್ದು ನಿಜವಾಗಿ ಸೋತದ್ದಾ?" ಅನ್ನುವ ಪ್ರಶ್ನೆ ಎದ್ದಿತು. ಕಂಪನಿ ತನ್ನ ನೌಕರರ ಮೇಲೆ ಕಣ್ಣಿಡುವ ಒಳಗಿನ ವಿಭಾಗ ಮಾಡಿತು. 2008ರಲ್ಲಿ ಆಟಗಾರರೇ ಮತ ಹಾಕಿ ಆರಿಸುವ ಒಂದು ಕೌನ್ಸಿಲ್ ಬಂತು, ಅದು ಇವತ್ತಿಗೂ ಇದೆ.

ಚಿಕ್ಕ ಸರ್ವರ್‌ಗೆ ಕೌನ್ಸಿಲ್ ಬೇಕಾಗಿಲ್ಲ. ಆದರೆ ಕೆಲವು ಕಟ್ಟುನಿಟ್ಟು ಬೇಕೇ ಬೇಕು. ತನ್ನ ಗುಂಪಿನ ಟಿಕೆಟ್ ತಾನು ಮುಟ್ಟಬಾರದು. ಅಡ್ಮಿನ್ ಕಮಾಂಡ್ ಬಳಸಿದ್ದೆಲ್ಲ ಲಾಗ್‌ಗೆ ಬೀಳಬೇಕು, ಆ ಲಾಗ್ ಅನ್ನು ಬೇರೊಬ್ಬ ಸ್ಟಾಫ್ ಆಗಾಗ ತೆರೆದು ನೋಡಬೇಕು. ಬ್ಯಾನ್ ಕೊಟ್ಟವರೇ ಅಪೀಲ್ ಕೇಳಬಾರದು. ಸರ್ವರ್ ಓನರ್‌ನ ಪಾತ್ರವೂ ದರೋಡೆಗೆ ಸಿಕ್ಕಬೇಕು, ಜೈಲಿಗೆ ಹೋಗಬೇಕು, ಸಾಲ ಮಾಡಿಕೊಂಡು ಒದ್ದಾಡಬೇಕು. ಈ ಕೊನೆಯದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಓನರ್ ಒಮ್ಮೆ ಚೆನ್ನಾಗಿ ಸೋತು ತೋರಿಸಿದರೆ ಇಡೀ ಸರ್ವರ್‌ಗೆ ಅದು ಪಾಠ. ಹೊಸ ಹುಡುಗ ಬಂದು ಓನರ್‌ನ ಪಾತ್ರದ ಜೇಬು ಕತ್ತರಿಸಿದ, ಏನೂ ಆಗಲಿಲ್ಲ ಅನ್ನುವ ಸುದ್ದಿ ಹರಡಿದರೆ ಅದಕ್ಕಿಂತ ಒಳ್ಳೇ ರೂಲ್ಸ್ ಪುಟ ಬೇರೆ ಬೇಕಾ?

ಸ್ಟಾಫ್ ಆರಿಸುವಾಗ ತುಂಬ ಸರ್ವರ್‌ಗಳು ಚೆನ್ನಾಗಿ ಆಡುವವರನ್ನು, ಜಾಸ್ತಿ ಹೊತ್ತು ಆನ್‌ಲೈನ್ ಇರುವವರನ್ನು ಮೇಲಕ್ಕೆ ಹತ್ತಿಸುತ್ತವೆ. ಇದು ಹಳೇ ಪದ್ಧತಿ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ, ಆಮೇಲೆ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಅನ್ನುವ ಬರೀ ಅಕ್ಷರಗಳ ಆಟದಲ್ಲೇ ಸಾಕಷ್ಟು ಪಾಯಿಂಟ್ ಗಳಿಸಿದ ಆಟಗಾರ ವಿಝರ್ಡ್ ಆಗುತ್ತಿದ್ದ, ವಿಶೇಷ ಅಧಿಕಾರ ಸಿಗುತ್ತಿತ್ತು. ಅದೇ ಬಾರ್ಟಲ್ 1996ರಲ್ಲಿ ಆಟಗಾರರಲ್ಲಿ ನಾಲ್ಕು ಥರ ಅಂತ ಬರೆದರು: ಸಾಧಿಸೋಕೆ ಬರುವವರು, ಹುಡುಕಾಡೋಕೆ ಬರುವವರು, ಬೆರೆಯೋಕೆ ಬರುವವರು, ಬೇರೆಯವರ ಮೇಲೆ ಏರಿಹೋಗೋಕೆ ಬರುವವರು. ಆರ್‌ಪಿ ಸರ್ವರ್‌ಗೂ ಈ ನಾಲ್ಕು ಥರದವರೂ ಬರುತ್ತಾರೆ, ಬರಲಿ. ಆದರೆ ಸ್ಟಾಫ್ ಆಗೋಕೆ ಇನ್ನೊಂದು ಗುಣ ಬೇಕು. ತನಗೆ ಇಷ್ಟವಿಲ್ಲದವನು ಸರಿ ಇದ್ದಾಗ ಸರಿ ಅನ್ನುವ ಗುಣ. ಅರ್ಜಿಯಲ್ಲಿ ಅದು ಕಾಣುವುದಿಲ್ಲ. ಆಟಗಾರನಾಗಿದ್ದಾಗ ತನ್ನ ವಿರುದ್ಧ ತೀರ್ಪು ಬಂದರೆ ಹೇಗೆ ನಡೆದುಕೊಂಡ ಅಂತ ನೋಡಿದರೆ ಕಾಣುತ್ತದೆ.

ರೂಲ್ಸ್ ಬರೆಯುವ ವಿಷಯಕ್ಕೆ ಬರೋಣ. ಉದ್ದದ ರೂಲ್ಸ್ ಪುಟಗಳ ಮೇಲೆ ನನಗೆ ಒಲವಿಲ್ಲ. ಪ್ರತಿ ಜಗಳ ಆದ ಮೇಲೂ ಒಂದು ಸಾಲು ಸೇರಿಸುತ್ತಾ ಹೋದರೆ ಸ್ವಲ್ಪ ಕಾಲದಲ್ಲಿ ಅದು ಯಾರೂ ಓದದ ಪುಸ್ತಕ ಆಗುತ್ತದೆ. ಓದುವವರು ಒಂದೇ ಥರದವರು, ಸಂದು ಹುಡುಕುವವರು. "ರೂಲ್‌ನಲ್ಲಿ ಪಿಸ್ತೂಲ್ ಅಂತ ಇದೆ, ನಾನು ತೋರಿಸಿದ್ದು ಚಾಕು" ಅನ್ನುವ ವಾದ ಶುರುವಾದರೆ ಮುಗಿಯುವುದೇ ಇಲ್ಲ. ಅದಕ್ಕಿಂತ ಪ್ರತಿ ರೂಲ್ ಜೊತೆ ಅದು ಯಾಕಿದೆ ಅಂತ ಒಂದು ಸಾಲು ಬರೆದುಬಿಡುವುದು ಒಳ್ಳೆಯದು. ನ್ಯೂ ಲೈಫ್ ರೂಲ್ ತೆಗೆದುಕೊಳ್ಳಿ. ಸತ್ತು ಮತ್ತೆ ಹುಟ್ಟಿದ ಪಾತ್ರ ತನ್ನ ಸಾವಿಗೆ ಕಾರಣವಾದದ್ದನ್ನು ಮರೆಯಬೇಕು, ಸೇಡು ತೀರಿಸೋಕೆ ಅದೇ ಜಾಗಕ್ಕೆ ಹೋಗಬಾರದು. ಯಾಕೆ? ಕೊಂದವನಿಗೆ ಆ ಸೀನ್ ಮುಗಿಸುವ ಹಕ್ಕಿದೆ, ಸತ್ತವನು ಐದು ನಿಮಿಷದಲ್ಲಿ ಓಡಿ ಬಂದರೆ ಸಾವಿಗೆ ಬೆಲೆಯೇ ಇಲ್ಲ. ಇಷ್ಟು ಹೇಳಿಬಿಟ್ಟರೆ "ನಾನು ಅದೇ ಜಾಗಕ್ಕೆ ಹೋಗಿಲ್ಲ, ಪಕ್ಕದ ಬೀದಿಯಲ್ಲಿ ನಿಂತು ಗುಂಡು ಹಾರಿಸಿದೆ" ಅನ್ನುವ ವಾದಕ್ಕೆ ಜಾಗ ಉಳಿಯುವುದಿಲ್ಲ.

ಎಲ್ಲಿ ಏನು ಆಗಬಹುದು ಅಂತ ಆಟಗಾರನಿಗೆ ಮೊದಲೇ ಗೊತ್ತಿರಬೇಕು ಅನ್ನುವುದು ಬಹಳ ಹಳೇ ಪಾಠ. ಲ್ಯೂಕಸ್‌ಫಿಲ್ಮ್‌ನವರು 1986ರಲ್ಲಿ ಪರೀಕ್ಷೆಗೆ ಬಿಟ್ಟ ಹ್ಯಾಬಿಟ್ಯಾಟ್ ಅನ್ನುವ ಆನ್‌ಲೈನ್ ಲೋಕದಲ್ಲಿ ಕೊಲೆ, ಕಳ್ಳತನ ಎರಡೂ ಸಾಧ್ಯವಿತ್ತು. ಅಲ್ಲಿ ಕೊಲ್ಲುವುದು ಅಪರಾಧವಾ, ಆಟದ ಭಾಗವಾ ಅಂತ ದೊಡ್ಡ ಚರ್ಚೆ ಎದ್ದಿತು. ಜನರ ಅಭಿಪ್ರಾಯ ಕೇಳಿದರೆ ಸರಿಯಾಗಿ ಎರಡು ಪಾಲಾಯಿತು, ಅರ್ಧ ಜನ ಹೌದು, ಅರ್ಧ ಜನ ಇಲ್ಲ. ಕೊನೆಗೆ ಊರೊಳಗೆ ಬೇಡ, ಊರಾಚೆಯ ಕಾಡಿನಲ್ಲಿ ಇರಲಿ ಅಂತ ಮಾಡಿದರು. ಇವತ್ತಿನ ಸೇಫ್ ಝೋನ್‌ಗಳ, ಅಂದರೆ ಹೊಡೆದಾಟ ಮಾಡುವ ಹಾಗಿಲ್ಲದ ಜಾಗಗಳ ಹಿಂದೆ ಇರುವುದೂ ಇದೇ ಯೋಚನೆ. ಕಾಡಿಗೆ ಕಾಲಿಟ್ಟವನು ತಾನು ಸೋಲಬಹುದು ಅಂತ ಒಪ್ಪಿಯೇ ಕಾಲಿಟ್ಟಿದ್ದಾನೆ. ಆಸ್ಪತ್ರೆಯಲ್ಲಿ ಮಲಗಿದ ಪಾತ್ರ ಹಾಗೆ ಒಪ್ಪಿಲ್ಲ.

ಫಿಯರ್ ಆರ್‌ಪಿ, ಅಂದರೆ ತಲೆಗೆ ಬಂದೂಕು ಇಟ್ಟಾಗ ಹೆದರಬೇಕು ಅನ್ನುವ ರೂಲ್, ಇದನ್ನು ಸರ್ವರ್‌ಗಳು ಸೋಲುವವನ ಮೇಲಷ್ಟೇ ಹಾಕುತ್ತವೆ. ನನಗೆ ಇದು ಅರ್ಧ ರೂಲ್ ಅನ್ನಿಸುತ್ತದೆ. ಗೆಲ್ಲುವವನ ಮೇಲೂ ಒಂದು ಜವಾಬ್ದಾರಿ ಇರಬೇಕು. ಎದುರಿನವನು ಕೈ ಎತ್ತಿ ಹೆದರಿ ನಿಂತಿದ್ದಾನೆ, ತನ್ನ ಪಾತ್ರದ ಮಾನ, ದುಡ್ಡು ಎಲ್ಲ ನಿನ್ನ ಕೈಗೆ ಕೊಟ್ಟಿದ್ದಾನೆ. ಒಂದು ಮಾತೂ ಆಡದೆ ಜೇಬು ಖಾಲಿ ಮಾಡಿ, ಆಮೇಲೆ ಗುಂಡು ಹೊಡೆದು ಹೋಗುವುದು ಎಂಥ ನ್ಯಾಯ? ನಮ್ಮಲ್ಲಿ ಒತ್ತೆ ಇಟ್ಟುಕೊಳ್ಳುವವರಿಗೆ ಒಂದು ಮಾತು ಹೇಳುತ್ತೇವೆ: ಒತ್ತೆಯಾಳಿಗೂ ಮಾಡೋಕೆ ಏನಾದರೂ ಇರಲಿ. ಅವನ ಜೊತೆ ಮಾತಾಡಿ, ಅವನಿಂದ ಏನಾದರೂ ಕೇಳಿ, ಅವನ ಕಣ್ಣಿಗೆ ಒಂದು ಸುಳಿವು ಬೀಳಲಿ. ಒಬ್ಬ ಕಳ್ಳ ಪ್ರತಿ ಸಲ ದೋಚಿದ ಮೇಲೂ ಬಸ್ಸಿಗೆ ಅಂತ ಸ್ವಲ್ಪ ದುಡ್ಡು ವಾಪಸ್ ಕೊಟ್ಟು ಹೋಗುತ್ತಿದ್ದ. ಅಷ್ಟೇ. ಅವನ ಕೈಗೆ ಸಿಕ್ಕಿ ದೋಚಿಸಿಕೊಂಡವರೆಲ್ಲ ಒಬ್ಬರಿಗೊಬ್ಬರು ಆ ಕಥೆ ಹೇಳಿಕೊಳ್ಳುತ್ತಾ, ಕೊನೆಗೆ ಅವನನ್ನು ಹಿಡಿಯೋಕೆ ಒಂದು ಗುಂಪನ್ನೇ ಕಟ್ಟಿಕೊಂಡರು. ಆ ಕಳ್ಳನ ಮೇಲೆ ಒಂದು ಟಿಕೆಟ್ ಕೂಡ ಬರಲಿಲ್ಲ.

ಹೊಸಬರನ್ನು ಸೇರಿಸಿಕೊಳ್ಳುವಾಗಲೂ ನೋಡಬೇಕಾದದ್ದು ಇದನ್ನೇ. ವೈಟ್‌ಲಿಸ್ಟ್ ಅರ್ಜಿಯಲ್ಲಿ, ಅಂದರೆ ಸರ್ವರ್ ಸೇರೋಕೆ ಹಾಕುವ ಅರ್ಜಿಯಲ್ಲಿ "ಮೆಟಾಗೇಮಿಂಗ್ ಅಂದರೇನು?" ಅಂತ ಕೇಳಿದರೆ ಎಲ್ಲಿಂದಲೋ ನಕಲು ಮಾಡಿದ ಉತ್ತರ ಬರುತ್ತದೆ. "ನಿಮ್ಮ ಪಾತ್ರ ಬಹಳ ಕಷ್ಟಪಟ್ಟು ಗಳಿಸಿದ್ದನ್ನು ಕಳೆದುಕೊಂಡಿದೆ, ಮುಂದಿನ ಸೀನ್ ಬರೆಯಿರಿ" ಅಂತ ಕೇಳಿ ನೋಡಿ. ಕೆಲವರು ಮೊದಲ ಸಾಲಿನಲ್ಲೇ ಸೇಡಿಗೆ ಹೊರಡುತ್ತಾರೆ. ಕೆಲವರು ಆ ಪಾತ್ರ ಮನೆಗೆ ಹೋಗಿ ಹೆಂಡತಿಗೆ ಏನು ಸುಳ್ಳು ಹೇಳಿದ ಅಂತ ಬರೆಯುತ್ತಾರೆ. ಎರಡನೆಯವರನ್ನು ನಾನು ಕಣ್ಣುಮುಚ್ಚಿ ಒಳಗೆ ಬಿಡುತ್ತೇನೆ, ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ.

ಶಿಕ್ಷೆಯ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಮೊದಲು ಮಾತು, ಆಮೇಲೆ ಎಚ್ಚರಿಕೆ, ಆಮೇಲೆ ಕೆಲವು ದಿನ ಹೊರಗೆ, ಕೊನೆಗೆ ಬ್ಯಾನ್. ಕೆರೆ, ಕಾಡು, ಹುಲ್ಲುಗಾವಲುಗಳನ್ನು ಜನ ತಾವೇ ಕೂಡಿ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕೂಡ ಇದನ್ನೇ ಕಂಡರು. ಬಹುಕಾಲ ಉಳಿದ ಗುಂಪುಗಳಲ್ಲಿ ಶಿಕ್ಷೆ ಚಿಕ್ಕದರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು, ಜಗಳ ಬಗೆಹರಿಸಿಕೊಳ್ಳೋಕೆ ಸುಲಭದ ದಾರಿಯೂ ಇತ್ತು. ದುಡ್ಡು ಕೊಟ್ಟವರಿಗೆ ಬೇರೆ ಮೆಟ್ಟಿಲು ಇರಬಾರದು, ಅಷ್ಟೇ. ಸರ್ವರ್ ನಡೆಸೋಕೆ ದುಡ್ಡು ಬೇಕು, ನಿಜ. ಆದರೆ ಡೊನೇಷನ್ ಕೊಟ್ಟವನಿಗೆ ಆಟದಲ್ಲಿ ಬಲ ಸಿಕ್ಕರೆ ಉಳಿದವರ ಸೋಲಿಗೆ ಅರ್ಥವೇ ಇಲ್ಲ. 2014ರಲ್ಲಿ ಮೈನ್‌ಕ್ರಾಫ್ಟ್ ತಯಾರಿಸಿದ ಮೊಜಾಂಗ್, ಸರ್ವರ್‌ನವರು ಆಟದ ಬಲವನ್ನು ಮಾರುವ ಹಾಗಿಲ್ಲ, ಟೋಪಿ ಬಟ್ಟೆಯಂಥ ಅಲಂಕಾರ ಮಾರಿಕೊಳ್ಳಬಹುದು ಅಂತ ಗೆರೆ ಎಳೆಯಿತು. ಆಗ ತುಂಬ ಜನ ಬೈದರು. ನನಗೆ ಅದು ಸರಿಯಾದ ಗೆರೆ ಅನ್ನಿಸುತ್ತದೆ.

ಕೆಲವು ವಿಷಯಕ್ಕೆ ಮೆಟ್ಟಿಲೂ ಇಲ್ಲ, ಚರ್ಚೆಯೂ ಇಲ್ಲ. ಆಟಗಾರನಿಗೆ, ಅಂದರೆ ಪಾತ್ರದ ಹಿಂದಿರುವ ಮನುಷ್ಯನಿಗೆ ಬೆದರಿಕೆ ಹಾಕುವುದು, ಅವರ ನಿಜವಾದ ಹೆಸರು, ಫೋಟೋ, ವಿಳಾಸ ಹೊರಗೆ ಹಾಕುವುದು, ಮಕ್ಕಳನ್ನು ಲೈಂಗಿಕ ಸೀನ್‌ಗೆ ಎಳೆಯುವುದು. ಲೈಂಗಿಕ ಹಿಂಸೆಯ ಸೀನ್ ಕೂಡ ನಮ್ಮಲ್ಲಿ ಪೂರ್ತಿ ಬಂದ್, "ನಮ್ಮ ಪಾತ್ರ ಕೆಟ್ಟವನು, ಹಾಗೆ ಮಾಡುತ್ತಾನೆ" ಅನ್ನುವ ಮಾತಿಗೆ ಕಿವಿಗೊಡುವುದಿಲ್ಲ. ಉಳಿದ ಕಹಿ ಸೀನ್‌ಗಳಿಗೆ, ಚಿತ್ರಹಿಂಸೆ, ಕಾಯಿಲೆ, ಮಗುವಿನ ಸಾವು ಇಂಥವಕ್ಕೆ ಮೊದಲೇ ಕೇಳಬೇಕು. ಮೇಜಿನ ಸುತ್ತ ಕೂತು ಆಡುವ ಆರ್‌ಪಿಯಲ್ಲಿ ಎಕ್ಸ್ ಕಾರ್ಡ್ ಅಂತ ಇದೆ. ಯಾರಾದರೂ ಆ ಕಾರ್ಡ್ ಮುಟ್ಟಿದರೆ ಆ ವಿಷಯ ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳುವ ಹಾಗಿಲ್ಲ. ನಾವು ಅದನ್ನೇ ಒಂದು ಕಮಾಂಡ್ ಮಾಡಿ ಇಟ್ಟಿದ್ದೇವೆ. ಬಳಸುವವರು ಕಡಿಮೆ. ಆದರೆ ಅದು ಇದೆ ಅಂತ ಗೊತ್ತಿರುವುದರಿಂದಲೇ ಜನ ಧೈರ್ಯವಾಗಿ ಕಷ್ಟದ ಸೀನ್‌ಗೆ ಇಳಿಯುತ್ತಾರೆ. ಇದೂ ನೆಮ್ಮದಿಯಾಗಿ ಸೋಲೋಕೆ ಮಾಡಿಕೊಟ್ಟ ಏರ್ಪಾಡೇ.

ಪಾತ್ರದ ನೋವು ಆಡುವವರ ಮೈಗೆ ಇಳಿಯುವುದಕ್ಕೆ ಆರ್‌ಪಿ ಆಡುವವರು ಬ್ಲೀಡ್ ಅನ್ನುತ್ತಾರೆ. ಅದು ಎಲ್ಲರಿಗೂ ಆಗುತ್ತದೆ, ಚೆನ್ನಾಗಿ ಆಡುವವರಿಗೆ ಜಾಸ್ತಿ ಆಗುತ್ತದೆ. ತಂಗಿಯ ಪಾತ್ರ ಮಾಡುವವರು ದ್ರೋಹ ಮಾಡಿದಾಗ ನಿಜವಾಗಿ ಗಂಟಲು ಕಟ್ಟುತ್ತದೆ. ಹಾಗಾಗಿ ಸೀನ್ ಮುಗಿದ ತಕ್ಷಣ ಬಂದ ಟಿಕೆಟ್‌ಗೆ ನಾವು ಅವತ್ತೇ ತೀರ್ಪು ಕೊಡುವುದಿಲ್ಲ. ಟಿಕೆಟ್ ತೆಗೆದುಕೊಳ್ಳುತ್ತೇವೆ, ಕ್ಲಿಪ್ ಉಳಿಸಿಕೊಳ್ಳೋಕೆ ಹೇಳುತ್ತೇವೆ, "ನಾಳೆ ಮಾತಾಡೋಣ" ಅನ್ನುತ್ತೇವೆ. ಅರ್ಧದಷ್ಟು ಟಿಕೆಟ್‌ಗಳನ್ನು ಮಾರನೇ ದಿನ ಹಾಕಿದವರೇ ವಾಪಸ್ ತೆಗೆದುಕೊಳ್ಳುತ್ತಾರೆ. ಎದುರಿನ ಆಟಗಾರರು ಬಂದು "ನಿನ್ನೆ ಚೆನ್ನಾಗಿತ್ತು, ನೀವು ಆರಾಮಾಗಿದ್ದೀರಾ?" ಅಂತ ಒಂದು ಮಾತು ಕೇಳಿದ್ದರೆ ಉಳಿದವೂ ಹೋಗುತ್ತವೆ.

ಈಗ ನಮ್ಮ ಸ್ಟಾಫ್‌ನಲ್ಲಿ ನಡೆಯುತ್ತಿರುವ ಒಂದು ಚರ್ಚೆ ಹೇಳಿ ನಿಲ್ಲಿಸುತ್ತೇನೆ. ಸಿಕೆ ಅಂದರೆ ಕ್ಯಾರೆಕ್ಟರ್ ಕಿಲ್. ಪಾತ್ರ ಶಾಶ್ವತವಾಗಿ ಸಾಯುತ್ತದೆ, ಮತ್ತೆ ಆಸ್ಪತ್ರೆಯಲ್ಲಿ ಕಣ್ಣು ಬಿಡುವುದಿಲ್ಲ. ಇದಕ್ಕಿಂತ ದೊಡ್ಡ ಸೋಲು ಆರ್‌ಪಿಯಲ್ಲಿ ಇಲ್ಲ. ಈಗಿನ ರೂಲ್ ಪ್ರಕಾರ ಪಾತ್ರ ಆಡುವವರು ಒಪ್ಪಿದರೆ ಮಾತ್ರ ಸಿಕೆ. ಕೆಲವು ಗ್ಯಾಂಗ್‌ನವರು ಇದನ್ನು ಬದಲಿಸಿ ಅನ್ನುತ್ತಿದ್ದಾರೆ. ಒಬ್ಬ ಪಾತ್ರ ತಿಂಗಳುಗಟ್ಟಲೆ ಎಲ್ಲರಿಗೂ ದ್ರೋಹ ಮಾಡುತ್ತಾ, ಪ್ರತಿ ಸಲ ಗುಂಡು ತಿಂದೂ ಎದ್ದು ಬಂದು ನಗುತ್ತಿದ್ದರೆ ಅವನ ತಪ್ಪಿಗೆ ಬೆಲೆಯೇ ಇಲ್ಲವಲ್ಲ ಅಂತ. ಅವರ ಮಾತಿನಲ್ಲಿ ನ್ಯಾಯ ಇದೆ. ಆದರೂ ಒಪ್ಪಿಗೆ ಇಲ್ಲದೆ ಸಿಕೆ ಕೊಡುವ ದಾರಿ ತೆರೆದರೆ ನನಗೆ ಕಾಣುವುದು ಬೇರೆಯೇ. ದ್ರೋಹ ಮಾಡುವ ಪಾತ್ರಗಳನ್ನು ಯಾರೂ ಆಡುವುದಿಲ್ಲ. ಎಲ್ಲರೂ ಹುಷಾರಾಗಿಬಿಡುತ್ತಾರೆ, ಹುಷಾರಾದವರ ಊರಲ್ಲಿ ಕಥೆ ಹುಟ್ಟುವುದಿಲ್ಲ.

ನಾನು ಸ್ಟಾಫ್ ಮುಂದೆ ಇಟ್ಟಿರುವ ಸಲಹೆ ಇದು. ಯಾರಾದರೂ ಸಿಕೆ ಕೇಳಿದರೆ ಎರಡೂ ಕಡೆಗೆ ಸೇರದ ಇಬ್ಬರು ಸ್ಟಾಫ್ ಆ ಪಾತ್ರದ ಇಡೀ ಕಥೆ ಕೂತು ಓದಬೇಕು. ಅದು ಸಾಯುವ ಹಂತಕ್ಕೆ ಬಂದಿದೆ ಅಂತ ಅನ್ನಿಸಿದರೆ ಆಟಗಾರರನ್ನು ಕರೆದು ಹೇಳಬೇಕು: ನಿಮ್ಮ ಪಾತ್ರ ಸಾಯುವುದಿದ್ದರೆ ಅದು ಎಲ್ಲಿ, ಯಾರ ಕೈಯಿಂದ, ಕೊನೆಯ ಮಾತು ಏನು, ಇದನ್ನೆಲ್ಲ ನೀವೇ ಆರಿಸಿ. ಬೇಡ ಅಂದರೆ ಪಾತ್ರ ಬದುಕಲಿ, ಆದರೆ ಊರು ಬಿಟ್ಟು ಹೋಗಲಿ, ಅಥವಾ ಕೈಕಾಲು ಕಳೆದುಕೊಂಡು, ಗ್ಯಾಂಗ್ ಕಳೆದುಕೊಂಡು ಬದುಕಲಿ. ಒಬ್ಬಿಬ್ಬರು ಸ್ಟಾಫ್ ಇದು ಮೆದುವಾಯಿತು ಅನ್ನುತ್ತಾರೆ. ಮುಂದಿನ ಮೀಟಿಂಗ್‌ನಲ್ಲಿ ಮತಕ್ಕೆ ಹಾಕುತ್ತೇವೆ. ಪಾತ್ರ ಆಡುವವರನ್ನು ಕೇಳದೆ ಕೊಲ್ಲುವ ರೂಲ್‌ಗೆ ನನ್ನ ಮತ ಇಲ್ಲ.